ಜಾರೂಬಸ್ಯಾನ ಕಾವಲು

ಏಪ್ರಿಲ್ 7, ಸೋಮವಾರ

ಇವತ್ತೂ ನಾನೇ ಗೆದ್ದೆ. ಬೆಳಿಗ್ಗೆ ಉಣಕಲ್ಲಿನ ನಮ್ಮ ಖೋಲಿಯಲ್ಲಿ ಅರ್ಧ ಕಪ್ ಚಹಾ ಕುಡಿದು ಹೊರಟವಳು, ಪಾಳಿ ಮುಗಿಸಿ ತಿರುಗಿ ಬರುವತನಕ ತೊಟ್ಟು ನೀರು ಬಾಯಿಗೆ ಹಾಕಲಿಲ್ಲ. ಆ ಕೆಲಸಕ್ಕೂ ಎಲ್ಲಿಗೂ ಹೋಗಲಿಲ್ಲ. ಮೈಮುನಾ ಮಧ್ಯಾಹ್ನದ ಒಳಗೇ ಸೋತು ಆಸ್ಪತ್ರೆಯ ಹಿಂದಿನ ಜಾಲಿಗಿಡಗಳ ಕಡೆ ಓಡಿದಳು. ರತ್ನವ್ವ ಚಿಗರಿ ಬಸ್ಸು ಹತ್ತುವವರೆಗೂ ತಡೆದಳು, ಆದರೆ ಬಸ್ಸಿನ ಎಸಿ ಗಾಳಿ ಹೊಟ್ಟೆಗೆ ಬಡಿದದ್ದೇ ತಡ, ಮುಖ ಹುಳ್ಳಗಾಗಿ ಸೀಟು ಬಿಟ್ಟು ಎದ್ದು ನಿಂತಳು. ನಾನು ಕಿಟಕಿಯ ಹೊರಗೆ ಉಣಕಲ್ ಕೆರೆ ನೋಡುತ್ತ ಮಹಾರಾಣಿಯ ಹಾಗೆ ಕೂತಿದ್ದೆ. ಕೆರೆ ನೋಡಿದರೂ ನನಗೆ ಏನೂ ಆಗಲಿಲ್ಲ!

"ಈಕಿ ಹೊಟ್ಯಾಗ ನೀರಿನ ಟಾಕಿ ಇಟ್ಕೊಂಡಾಳ ನೋಡವಾ," ಎಂದಳು ರತ್ನವ್ವ.

"ರೋಜಾ ಮುಗದು ಇನ್ನೂ ಎಂಟ ದಿನಾ ಆಗಿಲ್ಲ, ನಿಮ್ಮ ಜೋಡಿ ನಂದು ಮತ್ತ ರೋಜಾ," ಎಂದು ಮೈಮುನಾ ಗೊಣಗಿದಳು.

ಇಬ್ಬರಿಗೂ ಹೊಟ್ಟೆಕಿಚ್ಚು. ನಾವು ಮೂವರೂ ಬೇರೆ ಬೇರೆ ಊರುಗಳಿಂದ ದುಡಿಯಲು ಬಂದವರು. ನಾನು ಕುಷ್ಟಗಿ ಕಡೆಯವಳು, ರತ್ನವ್ವ ರೋಣದ ಕಡೆ, ಮೈಮುನಾ ಸವಣೂರಿನವಳು. ಒಂದೇ ಖೋಲಿ, ಒಂದೇ ಒಲೆ, ಒಂದೇ ಖಾಸಗಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಪೇಶಂಟರ ಪಾಯಖಾನೆಗಳನ್ನು ಹೊಳೆಯುವ ಹಾಗೆ ತೊಳೆಯುವವರು ನಾವೇ, ಆದರೆ ನಾವು ಅಲ್ಲಿ ಕೂಡುವ ಹಾಗಿಲ್ಲ. ನಮಗೆಂದು ನೆಲಮಾಳಿಗೆಯಲ್ಲಿ ಒಂದಿದೆ. ಅದಕ್ಕೆ ಕೀಲಿ ಜಡಿದಿದೆ. ಕೀಲಿಕೈ ನಮ್ಮ ಸೂಪರ್‌ವೈಸರ್ ಕೇದಾರನ ಸೊಂಟದ ಗೊಂಚಲಿನಲ್ಲಿ. ಆ ಗಂಡಸಿನ ಮುಂದೆ ನಿಂತು ಕೀಲಿಕೈ ಕೊಡ್ರಿ ಅಂದರೆ ಯಾತಕ್ಕೆ ಅಂತ ಗೊತ್ತಾಗುವುದಿಲ್ಲವೇ? ಮಾನ ಮರ್ಯಾದೆ ಇರುವವರು ಹಾಗೆ ಕೇಳುತ್ತಾರೆಯೇ? ಮೂರು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಕೇಳಿಲ್ಲ. ಅದಕ್ಕೇ ಈ ಪಂದ್ಯ.

ಈ ಡೈರಿ ಒಂದು ಔಷಧ ಕಂಪನಿಯದು, ಡಾಕ್ಟರರ ಖೋಲಿಯ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಪ್ರತಿ ಪುಟದ ಕೆಳಗೆ ಎರಡು ಗೋಡಂಬಿಯ ಚಿತ್ರವಿದೆ. ಕಸದಲ್ಲೂ ಗೋಡಂಬಿ, ನೋಡಿ ಈ ದೊಡ್ಡವರ ಸಂಸಾರ.

ಏಪ್ರಿಲ್ 9, ಬುಧವಾರ

ಸ್ವಲ್ಪ ಉರಿ. ನಿನ್ನೆ ತಿಂದ ಮಿರ್ಚಿಯದೇ ಕಿತಾಪತಿ. ಇಂಥದ್ದನ್ನೆಲ್ಲ ಬರೆಯಬಾರದು.

ಗೆದ್ದೆ.

ಏಪ್ರಿಲ್ 12, ಶನಿವಾರ

ಮಿರ್ಚಿ ಬಿಟ್ಟು ನಾಲ್ಕು ದಿನವಾಯಿತು, ಉರಿ ನನ್ನನ್ನು ಬಿಟ್ಟಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಹೀಗೀಗೆ ಆಗಿದೆಯಂತೆ, ಏನು ಮಾಡಬೇಕು ಎಂದು ಎಲ್ಲರನ್ನೂ ಕೇಳಿದೆ. ರತ್ನವ್ವ ಜೀರಿಗೆ ನೀರು ಅಂದಳು. ಮೈಮುನಾ ಸಬ್ಜಾ ಶರಬತ್ತು ಅಂದಳು. ಊರಿಗೆ ಫೋನು ಮಾಡಿದರೆ ನಮ್ಮವ್ವ ಎಳನೀರು, ಮಜ್ಜಿಗೆ, ಕೊತ್ತಂಬರಿ ಕಷಾಯ ಮೂರನ್ನೂ ಹೇಳಿ, "ಆ ಹೆಣಮಗಳಿಗೆ ತಂಬಿಗಿಗಟ್ಟಲೆ ಕುಡಿ ಅನ್ನು," ಎಂದಳು.

ಕುಡಿದ ಮೇಲೆ ಆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಇಷ್ಟು ದೊಡ್ಡ ದೇಶದಲ್ಲಿ ಒಬ್ಬರಾದರೂ ಒಂದು ಒಣ ಔಷಧ ಹೇಳಬಾರದೇ!

ರತ್ನವ್ವ ನನ್ನ ಮಾತು ನಂಬಿದ ಹಾಗೆ ಕಾಣಲಿಲ್ಲ. ನನ್ನ ಮುಖ ನೋಡಿ, ತನ್ನ ಅರಿವೆ ತುಂಡುಗಳನ್ನು ಒಗೆಯಲು ಹೋದಳು. ಈ ರತ್ನವ್ವನ ಮಡಿ ನನಗೆ ತಿಳಿಯುವುದಿಲ್ಲ. ದಿನಾ ಸಂಜೆ ಹಳೆಯ ಸೀರೆಯ ತುಂಡುಗಳನ್ನು ಒಗೆದು, ಹಿತ್ತಲಲ್ಲಿ ಯಾರಿಗೂ ಕಾಣದ ಹಾಗೆ ಒಣಹಾಕುತ್ತಾಳೆ. ನೆಲ ಒರೆಸಿದ್ದು ಸಾಲದೆ ಮನೆಯಲ್ಲೂ ಅರಿವೆ ಹಿಂಡುವ ಚಟ.

ಏಪ್ರಿಲ್ 17, ಗುರುವಾರ

ಉಣಕಲ್ ಕ್ರಾಸಿನ ಔಷಧ ಅಂಗಡಿಯ ಶಾಬುದ್ದೀನ ಕಾಕಾ ಬಹಳ ಒಳ್ಳೆಯವರು. ಒಳ್ಳೆಯವರಾದರೇನು, ಗಂಡಸರು. ಮಂಗಳವಾರ ಹೋಗಿ ನಿಂತೆ. "ಏನವಾ ತಂಗಿ, ಏನಾಗೈತಿ?" ಎಂದರು. ಬಾಯಿಗೆ ಬಂದದ್ದು ತಲೆನೋವು. ತಲೆನೋವಿನ ಗುಳಿಗೆ ಕೊಟ್ಟರು. ನಿನ್ನೆ ಮತ್ತೆ ಹೋದೆ, ಧೈರ್ಯ ಮಾಡಿ ಬೆನ್ನು ಅಂದೆ. ಬೆನ್ನಿಗೆ ಹಚ್ಚುವ ಮುಲಾಮು ಕೊಟ್ಟರು. ಇವತ್ತು ಇನ್ನೂ ಸ್ವಲ್ಪ ಕೆಳಗಿಳಿದು ಹೊಟ್ಟೆ ಅಂದೆ. ಕಾಕಾ ಕನ್ನಡಕ ಮೇಲೆ ಸರಿಸಿ ನನ್ನನ್ನೇ ನೋಡಿದರು.

"ತಂಗಿ, ನಿಂದು ಬ್ಯಾನಿ ದಿನಾ ಒಂದ ಗೇಣು ಇಳ್ಯಾಕತ್ತೈತಿ. ಅದು ಎಲ್ಲಿ ನಿಂದರತೈತಿ ಅಲ್ಲೇ ಹೋಗಿ ಲೇಡಿ ಡಾಕ್ಟರಿಗೆ ತೋರಿಸು. ನನ್ನ ಮಾತು ಕೇಳು."

ಮುಖಕ್ಕೆ ಹೊಡೆದ ಹಾಗಾಯಿತು. ಹೊಟ್ಟೆಯ ಗುಳಿಗೆಯನ್ನೂ ಮರೆತು ಮನೆಗೆ ಓಡಿ ಬಂದೆ.

ಬೆನ್ನಿಗೆ ಮುಲಾಮು ಹಚ್ಚಿಕೊಂಡಿದ್ದೇನೆ. ಬೆನ್ನೂ ಉರಿಯತೊಡಗಿದೆ. ಈಗ ಎರಡು ಉರಿ.

ಏಪ್ರಿಲ್ 18, ಶುಕ್ರವಾರ

ಇವತ್ತು ನನಗೆ ವಾರದ ರಜೆ. ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸುವ ಬಾಯಿಯೊಬ್ಬಳು ನಮ್ಮ ಓಣಿಗೆ ಬಂದಿದ್ದಳು. ಹೆಂಗಸು, ದೇವರು ಕಳಿಸಿದ ಹಾಗೆ! ಒಳಗೆ ಬರ್ರಿ ಅಂದೆ. ಹೊಸ್ತಿಲಲ್ಲೇ ನಿಂತು, "ನೀವು ಇಲ್ಲಿಯವರೇನ್ರಿ?" ಎಂದಳು.

"ಅಲ್ರಿ, ಕುಷ್ಟಗಿ ಕಡ್ಯಾವ್ರು."

"ರೇಶನ್ ಕಾರ್ಡು?"

"ಅದೂ ಊರಾಗ ಐತ್ರಿ."

"ಹಂಗಾದ್ರ ನಿಮ್ಮ ಆರೋಗ್ಯ ಅಲ್ಲಿಗೇ ಬರತೈತ್ರಿ ಬಾಯಾರ," ಎಂದು ಮುಂದಿನ ಮನೆಗೆ ಹೋದಳು.

ಆರೋಗ್ಯ ಕುಷ್ಟಗಿಯಲ್ಲಿ, ಉರಿ ಉಣಕಲ್ಲಿನಲ್ಲಿ. ಇವೆರಡನ್ನೂ ಒಂದೇ ಬಸ್ಸಿನಲ್ಲಿ ಹೇಗೆ ಕೂಡಿಸುವುದು?

ಏಪ್ರಿಲ್ 19, ಶನಿವಾರ

ಮೈಮುನಾ ಇವತ್ತು ಮಾಡಿದ್ದನ್ನು ಬರೆಯಲೇಬೇಕು. ನೆಲ ಹಸಿ ಇದ್ದಾಗ ನಾವು ಒಂದು ಹಳದಿ ಬೋರ್ಡು ಇಡುತ್ತೇವೆ. ಅದರ ಮೇಲೆ ಕಾಲು ಜಾರಿ ಬೀಳುತ್ತಿರುವ ಒಬ್ಬ ಗಂಡಸಿನ ಚಿತ್ರ. ಅವನಿಗೆ ನಾವು ಜಾರೂಬಸ್ಯಾ ಎಂದು ಹೆಸರಿಟ್ಟಿದ್ದೇವೆ. ಪಾಪ, ವರ್ಷಗಟ್ಟಲೆಯಿಂದ ಬೀಳುತ್ತಲೇ ಇದ್ದಾನೆ, ಇನ್ನೂ ನೆಲ ಮುಟ್ಟಿಲ್ಲ.

ಆಸ್ಪತ್ರೆಯ ಮಾಲಕರು ಮುರುಗೆಪ್ಪ ಸಾಹೇಬರು ಹೋದ ವರ್ಷ ಹಸಿ ನೆಲದಲ್ಲಿ ಜಾರಿ ಬಿದ್ದು, ತಮ್ಮದೇ ಆಸ್ಪತ್ರೆಯಲ್ಲಿ ಮಲಗಿ, ತಮ್ಮದೇ ಕ್ಯಾಂಟೀನಿನ ಉಪ್ಪಿಟ್ಟು ತಿನ್ನಬೇಕಾಯಿತು. ಯಾರೋ ನೆಲ ಒಣಗುವ ಮೊದಲೇ ಬೋರ್ಡು ತೆಗೆದಿದ್ದರಂತೆ. ಹಾಸಿಗೆಯಿಂದ ಎದ್ದವರೇ ಎರಡು ಕಟ್ಟುನಿಟ್ಟಿನ ನಿಯಮ ಮಾಡಿದರು. ಒಂದು, ಬೋರ್ಡನ್ನು ಯಾರೂ ದಾಟಬಾರದು, ಸ್ವತಃ ತಾವೂ. ಎರಡು, ಬೋರ್ಡು ಇಟ್ಟವರೇ ಅದನ್ನು ತೆಗೆಯಬೇಕು, ಬೇರೆ ಯಾರೂ ಮುಟ್ಟಬಾರದು. ಅಂದಿನಿಂದ ಆಸ್ಪತ್ರೆಯಲ್ಲಿ ದೇವರಿಗೆ ಹೆದರದವರೂ ಜಾರೂಬಸ್ಯಾನಿಗೆ ಹೆದರುತ್ತಾರೆ.

ಈ ಮೈಮುನಾ ಇವತ್ತು ಮೊದಲನೆ ಮಹಡಿಯ ಹೆಂಗಸರ ಪಾಯಖಾನೆಯ ಮುಂದೆ ಬಸ್ಯಾನನ್ನು ನಿಲ್ಲಿಸಿ, ಒಳಗೆ ಹೋಗಿ, ಕೂತು, ಮುಖ ತೊಳೆದುಕೊಂಡು, ತುರುಬು ಬೇರೆ ಸರಿಮಾಡಿಕೊಂಡು ಹೊರಗೆ ಬಂದಳು!

"ಏ ಹುಚ್ಚಿ, ಅದು ಪೇಶಂಟರದು! ನೌಕರಿ ಕಳಕೋತಿ," ಎಂದು ಬೈದೆ.

"ದಾಕ್ಷಿಅಕ್ಕಾ, ತೊಳದಾಕಿ ನಾನ, ಕುಂತಾಕಿನೂ ನಾನ. ಇದ್ರಾಗ ಕಳವು ಎಲ್ಲಿ ಬಂತು ಹೇಳು?"

ನಾನು ಅಂಥ ಕೆಲಸ ಮಾಡುವವಳಲ್ಲ. ಒಂದಕ್ಕೆ ಹೋಗುವುದಕ್ಕೆ ಇಷ್ಟು ನಾಟಕ ಬೇಕೇ? ನಮ್ಮ ಮನೆತನದಲ್ಲಿ ಯಾರೂ ಹೀಗೆ ಮಾಡಿಲ್ಲ.

ಏಪ್ರಿಲ್ 21, ಸೋಮವಾರ

ಜ್ವರ. ಬಿಸಿಲಿಗೆ. ಚಳಿಯೂ ಇದೆ, ಅದೂ ಬಿಸಿಲಿಗೇ ಇರಬೇಕು. ಬೆನ್ನಿನ ಎಡಗಡೆ ಯಾರೋ ಗುದ್ದಿದ ಹಾಗೆ.

ಗೆದ್ದೆ.

ಏಪ್ರಿಲ್ 22, ಮಂಗಳವಾರ

ಇಬ್ಬರೂ ಸೇರಿ ನನ್ನ ಪಂಚಾಯ್ತಿ ಮಾಡಿದರು. ಮೈಮುನಾ ನನ್ನ ಹಣೆ ಮುಟ್ಟಿ, "ಇದರ ಮ್ಯಾಲ ರೊಟ್ಟಿ ಸುಡಬಹುದು," ಎಂದಳು. ಒಬ್ಬ ಹೆಣ್ಣುಮಗಳು ಒಬ್ಬ ಹೆಣ್ಣುಮಗಳು ಅಂತ ಎಷ್ಟು ದಿನ ಹೇಳುತ್ತಿ, ಆ ಹೆಣ್ಣುಮಗಳು ನೀನೇ ಅಂತ ಓಣಿಯ ನಾಯಿಗೂ ಗೊತ್ತು ಎಂದಳು. ಸುಳ್ಳು. ನಾಯಿಗೆ ಹೇಗೆ ಗೊತ್ತಾಗುತ್ತದೆ?

ಆಗಲಿ, ತೋರಿಸಿಕೊಳ್ಳಬೇಕು ಅಂದುಕೊಳ್ಳೋಣ. ಎಲ್ಲಿ? ಸರಕಾರಿ ದವಾಖಾನೆಯ ಪಾಳಿ ಶುರುವಾಗುವುದೂ ನಮ್ಮ ಪಾಳಿ ಶುರುವಾಗುವುದೂ ಒಂದೇ ಹೊತ್ತಿಗೆ. ವಾರದ ರಜೆಗೆ ಇನ್ನೂ ಮೂರು ದಿನ, ಬೆಳಿಗ್ಗೆ ಕೇದಾರನಲ್ಲಿ ರಜೆ ಕೇಳಿದೆ.

"ಆರಾಮಿಲ್ಲಂದ್ರ ಡಾಕ್ಟರ ಚೀಟಿ ತರ್ರಿ, ರಜಾ ಕೊಡ್ತೇನಿ."

"ರಜಾ ಕೊಟ್ರ ಡಾಕ್ಟರ ಕಡೆ ಹೋಗಿ ಚೀಟಿ ತರತೇನ್ರಿ."

"ಮೊದಲ ಚೀಟಿ ತರ್ರಿ."

ಇಬ್ಬರೂ ಸ್ವಲ್ಪ ಹೊತ್ತು ಹೀಗೇ ಗಿರಣಿಯ ಹಾಗೆ ತಿರುಗಿದೆವು. ಗುತ್ತಿಗೆದಾರ ಮಾಡಿಸಿಕೊಡುವ ವಿಮಾ ಕಾರ್ಡಿನ ಬಗ್ಗೆ ಕೇಳಿದರೆ "ಬರಾಕತ್ತೈತಿ" ಅಂದ. ನಾನು ಕೆಲಸಕ್ಕೆ ಸೇರಿದ ದಿನವೂ ಅದು ಬರುತ್ತಲೇ ಇತ್ತು.

"ದಿನಾ ಯಾಸ್ಮಿನ ಡಾಕ್ಟರ ಖೋಲಿ ಒರಸ್ತಿ. ಬಾಯಿ ಬಿಟ್ಟು ಹೇಳು ಅವರ ಮುಂದ," ಎಂದಳು ರತ್ನವ್ವ.

ಹೇಳುವುದು ಹೇಗೆ? ಬಾಗಿಲ ಮುಂದೆ ಪೇಶಂಟರ ಸಾಲು ಕರಗುವುದೇ ಇಲ್ಲ. ಸಮವಸ್ತ್ರ ತೊಟ್ಟು ಸಾಲಿನ ಕುರ್ಚಿಯಲ್ಲಿ ಕೂತರೆ ಕೇದಾರ ಎಬ್ಬಿಸುತ್ತಾನೆ. ಯಾಸ್ಮಿನ ಡಾಕ್ಟರಬಾಯಿ ಒಳ್ಳೆಯವರೇ, ನಾನು ಮಾಪ್ ಹಿಡಿದು ಒಳಗೆ ಹೋದರೆ ಸಾಕು, ಎರಡೂ ಕಾಲು ಎತ್ತಿ ಕೂಡುತ್ತಾರೆ. ಆದರೆ ಕಾಲು ಎತ್ತುವ ಭರದಲ್ಲಿ ತಲೆ ಎತ್ತಿ ನನ್ನ ಮುಖ ನೋಡಿದ್ದು ನೆನಪಿಲ್ಲ.

ಆಗ ಮೈಮುನಾ ಅಂದಳು. "ನಾಳೆ ಅವರ ಬಾಗಲಾಗ ಬಸ್ಯಾನ್ನ ನಿಂದರಸು. ಒಂದ ನರಪಿಳ್ಳೆ ಒಳಗ ಬರಂಗಿಲ್ಲ."

ಆಗುವುದಿಲ್ಲ ಅಂದೆ. ಇದು ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಅಂದ ಮೇಲೆ ಒಂದಕ್ಕೆ ಹೋಗಿ ಬಂದೆ. ಬಂದು, ಆಗಲಿ ಅಂದೆ.

ಏಪ್ರಿಲ್ 23, ಬುಧವಾರ

ಜ್ವರ ಇಳಿದಿಲ್ಲ, ಆದರೂ ಬರೆಯುತ್ತೇನೆ.

ಮೊದಲನೆ ಮಹಡಿಯ ಖೋಲಿಗಳ ಮುಂದಿನ ಓಣಿ ಬಹಳ ಇಕ್ಕಟ್ಟು. ಮೊದಲು ಯಾಸ್ಮಿನ ಡಾಕ್ಟರಬಾಯಿಯ ಬಾಗಿಲು, ಆಮೇಲೆ ಇಂಜೆಕ್ಷನ್ ಖೋಲಿ, ತುದಿಯಲ್ಲಿ ಗಂಡಸರ ಪಾಯಖಾನೆ. ಒಬ್ಬ ಪೇಶಂಟು ಹೊರಗೆ ಬಂದದ್ದೇ ನಾನು ಬಾಗಿಲ ಮುಂದೆ ಓಣಿಯ ನಟ್ಟನಡುವೆ ಜಾರೂಬಸ್ಯಾನನ್ನು ನಿಲ್ಲಿಸಿದೆ. ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಮಾಪ್ ಹಿಡಿದು ಒಳಗೆ ಹೋದೆ. ಡಾಕ್ಟರಬಾಯಿ ಮೊಬೈಲು ನೋಡುತ್ತಲೇ ಎರಡೂ ಕಾಲು ಎತ್ತಿದರು.

"ಕಾಲು ಇಳಸ್ರಿ ಬಾಯಾರ. ಒರಸಾಕ ಬಂದಿಲ್ಲ, ತೋರಸ್ಕೊಳ್ಳಾಕ ಬಂದೇನಿ."

ಕಾಲು ಇಳಿಸಿದರು. ಮುಖ ನೋಡಿದರು. "ಕೂಡ್ರಿ, ಏನಾಗೇದ?" ಎಂದರು.

"ತಲಿನೋವ್ರಿ," ಅಂದುಬಿಟ್ಟೆ. ಈ ಹಾಳು ಬಾಯಿ!

ಅವರು ಹಣೆ ಮುಟ್ಟಿದರು, ಬೆನ್ನಿನ ಎಡಗಡೆ ಮೆಲ್ಲಗೆ ತಟ್ಟಿದರು. ನಾನು ಕುರ್ಚಿಯಿಂದ ಎಗರಿದೆ. "ಒಂದಕ್ಕ ಹೋದಾಗ ಉರೀತದೇನು?" ಎಂದು ಕೇಳಿದರು. ನಾನೂ ಶಾಬುದ್ದೀನ ಕಾಕಾನೂ ಮೂರು ದಿನ ಹುಡುಕಿದ ಜಾಗವನ್ನು ಈ ತಾಯಿ ಒಂದೇ ಮಾತಿಗೆ ಮುಟ್ಟಿದರು. ಹೂಂ ಅಂದೆ, ಅಳುವೇ ಬಂತು.

ಕಾಗದದ ಮೇಲೆ ಒಂದು ಚಿತ್ರ ಬರೆದರು. ನೋಡಿದರೆ ನನ್ನ ಡೈರಿಯ ಎರಡು ಗೋಡಂಬಿ! ಗೋಡಂಬಿಯಲ್ಲವಂತೆ, ಕಿಡ್ನಿಯಂತೆ. ಹದಿನೈದು ದಿನದಿಂದ ದಿನಾ ಅವುಗಳ ಮೇಲೇ ಕೈಯಿಟ್ಟು ಬರೆಯುತ್ತಿದ್ದೇನೆ.

"ಸೋಂಕು ಇಲ್ಲೀತನಕಾ ಏರೇದ. ಇನ್ನಷ್ಟು ದಿನಾ ಬಿಟ್ಟಿದ್ರ ಕಿಡ್ನಿ ಕೆಟ್ಟು ಜೀವಕ್ಕ ಬರತಿತ್ತು. ಗುಳಿಗಿ ಬರೀತೇನಿ, ಒಂದೂ ತಪ್ಪಸಬ್ಯಾಡ್ರಿ. ದಿನಾ ಮೂರು ಲೀಟರ್ ನೀರು ಕುಡೀರಿ. ಮತ್ತ, ತಡಕೊಳ್ಳಬ್ಯಾಡ್ರಿ."

ನನಗೆ ನಗು ಬಂತು. ಜ್ವರದ ನಗು, ನಿಲ್ಲಲೇ ಇಲ್ಲ.

"ಯಾಕ ನಗತೀರಿ?"

"ಮೂರು ಲೀಟರ್ ಕುಡದು ಎಲ್ಲಿ ಹೋಗಲ್ರಿ ಬಾಯಾರ?"

"ಪಾಯಖಾನಿಗೆ."

"ಯಾವ ಪಾಯಖಾನಿಗೆ?"

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಕೈಗೆ ಒಂದು ಸಣ್ಣ ಬಾಟಲಿ ಕೊಟ್ಟು, "ಈಗ ಪೇಶಂಟರ ಪಾಯಖಾನಿಗೇ ಹೋಗ್ರಿ. ಇದನ್ನ ತುಂಬಿ ಕೆಳಗ ಲ್ಯಾಬಿಗೆ ಕೊಡ್ರಿ," ಎಂದರು.

ಕೈಯಲ್ಲಿ ಬಾಟಲಿ ಇದ್ದರೆ ನಾನು ಪೇಶಂಟು! ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದುಕೊಂಡು ಹೆಂಗಸರ ಪಾಯಖಾನೆಗೆ ಹೋದೆ. ಮೂರು ವರ್ಷ ತೊಳೆದ ಜಾಗದಲ್ಲಿ ಇವತ್ತು ಮೊದಲ ಸಲ ಕೂತೆ. ಎಷ್ಟು ಛಂದ ತೊಳೆದಿದ್ದೇನೆ ಅಂತ ಕೂತಾಗಲೇ ಗೊತ್ತಾದದ್ದು. ಗಾಳಿ ಬೆಳಕು ಛಲೋ ಇದೆ. ಬಾಗಿಲಿಗೆ ಚಿಲಕ ಇದೆ. ಯಾರೂ ಬರುವುದಿಲ್ಲ, ಹಾವು ಹುಳಹುಪ್ಪಡಿ ಇಲ್ಲ, ಕಾವಲಿಗೆ ಯಾರನ್ನೂ ನಿಲ್ಲಿಸಬೇಕಿಲ್ಲ. ಉರಿಯಿತು, ಬಹಳ ಉರಿಯಿತು, ಆದರೂ ಏಳಲು ಮನಸ್ಸಾಗಲಿಲ್ಲ. ಒಂದು ಮೂಲೆಯಲ್ಲಿ ಕಲೆ ಉಳಿದಿತ್ತು, ಎದ್ದ ಮೇಲೆ ಅದನ್ನೂ ಉಜ್ಜಿ ಬಂದೆ.

ಸಾಕು. ಕಣ್ಣು ಕೂಡುತ್ತಿವೆ. ಮುಖ್ಯವಾದದ್ದು ಇನ್ನೂ ಬರೆದಿಲ್ಲ.

ಏಪ್ರಿಲ್ 24, ಗುರುವಾರ

ಮುಖ್ಯವಾದದ್ದು ಇದು. ನಾನು ಬಸ್ಯಾನನ್ನು ಮರೆತಿದ್ದೆ.

ಬಾಟಲಿಯನ್ನು ಲ್ಯಾಬಿಗೆ ಕೊಟ್ಟು, ತಲೆ ಸುತ್ತಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಮೇಲೆ ಹೋದರೆ ಓಣಿಯ ತುಂಬ ಜನವೋ ಜನ. ಒಬ್ಬರೂ ಮುಂದೆ ಹೋಗುತ್ತಿಲ್ಲ. ಒಬ್ಬ ಮಂತ್ರಿ ಬರುತ್ತಾರೆ ಅನ್ನುತ್ತಿದ್ದ, ಇನ್ನೊಬ್ಬ ಒಳಗೆ ಹಾವು ಹೊಕ್ಕಿದೆ ಅನ್ನುತ್ತಿದ್ದ. ಗರಗದಿಂದ ಬಂದ ಒಬ್ಬ ಅಜ್ಜಿ ಗೋಡೆಗೆ ಒರಗಿ ರೊಟ್ಟಿಗಂಟು ಬಿಚ್ಚಿ, ಪಕ್ಕದವರಿಗೆ ಶೇಂಗಾಚಟ್ನಿ ಹಂಚುತ್ತಿದ್ದಳು. ಬೋರ್ಡಿನ ಆಚೆ ನರ್ಸೊಬ್ಬಳು ಸೂಜಿಯ ತಟ್ಟೆ ಹಿಡಿದು ನಿಂತಿದ್ದಳು. ಕೇದಾರ "ಯಾರ್ರಿ ಇಟ್ಟವ್ರು? ಇಟ್ಟವ್ರು ಯಾರು?" ಎಂದು ಬೊಬ್ಬೆ ಹಾಕುತ್ತ ಮಹಡಿ ಹತ್ತಿ ಇಳಿಯುತ್ತಿದ್ದ. ಇಟ್ಟವರೇ ತೆಗೆಯಬೇಕಲ್ಲ.

ಎಲ್ಲರ ಮುಂದೆ, ಬಸ್ಯಾನ ಎದುರಿಗೆ, ಮುರುಗೆಪ್ಪ ಸಾಹೇಬರು.

ಅವರು ನಿಂತ ರೀತಿ ನೋಡಿದೆ. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದಿತ್ತು. ತುಟಿ ಬಿಗಿದಿತ್ತು. ಬೆವರಿಗೆ ಹಣೆಯ ವಿಭೂತಿ ಇಳಿದಿತ್ತು. ಕಣ್ಣು ಓಣಿಯ ತುದಿಯ ಗಂಡಸರ ಪಾಯಖಾನೆಯ ಮೇಲೇ ನೆಟ್ಟಿತ್ತು. ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯದೇ? ಆ ನಿಲುವಿನಲ್ಲಿ ನಾನು ಪಂದ್ಯ ಗೆದ್ದವಳು! ಪಾಪ, ಸಕ್ಕರೆ ಕಾಯಿಲೆಯ ಮನುಷ್ಯ, ತಾವೇ ಮಾಡಿದ ನಿಯಮ, ದಾಟುವ ಹಾಗಿಲ್ಲ.

ಓಡಿ ಹೋಗಿ ಬೋರ್ಡು ಎತ್ತಿದೆ. ಸಾಹೇಬರು ಓಡಿದರು ಎಂದು ಬರೆಯಬಾರದು, ದೊಡ್ಡವರು. ಬಹಳ ಲಗುಬಗೆಯಿಂದ ನಡೆದರು. ನಾವೆಲ್ಲ ಕಾದೆವು. ಹೊರಗೆ ಬಂದಾಗ ಅವರ ಮುಖ ಪೂಜೆ ಮುಗಿಸಿದವರ ಹಾಗೆ ಶಾಂತವಾಗಿತ್ತು. ಆಮೇಲೆ ಸಿಟ್ಟು ಮಾಡಬೇಕಾಗಿದೆ ಅಂತ ನೆನಪಾಯಿತು.

ನೆಲಕ್ಕೆ ಬೆರಳು ಹಚ್ಚಿ ನೋಡಿದರು. "ಒಣಾ ನೆಲಾ! ಯಾವಾಕಿ ನೀನು? ಯಾಕ ಇಟ್ಟಿ?"

"ಈಕಿನ್ನ ಇವತ್ತ ತಗದುಬಿಡೂಣ್ರಿ ಸರ್," ಎಂದ ಕೇದಾರ.

ನೌಕರಿ ಹೋಯಿತು ಅಂದುಕೊಂಡೆ. ಎತ್ತಿದ ಬೋರ್ಡನ್ನೇ ಊರಿಕೊಂಡು ನಿಂತೆ.

"ನೆಲಾ ಹಸಿ ಇರಲಿಲ್ರಿ ಸಾಹೇಬ್ರ. ಡಾಕ್ಟರ್‌ನ ಕಾಣಬೇಕಾಗಿತ್ತು, ಬ್ಯಾರೆ ದಾರಿ ಇರಲಿಲ್ಲ. ನಮಗ ಉಚ್ಚಿ ಹೊಯ್ಯಾಕ ಇಲ್ಲಿ ಜಾಗಾ ಇಲ್ರಿ. ಮುಂಜಾನಿಂದ ನೀರು ಕುಡೀಲಾರದ ತಡಕೊಂಡು ತಡಕೊಂಡ ನನ್ನ ಕಿಡ್ನಿಗೆ ಬಂದೈತಿ. ನೀವು ಇವತ್ತೊಂದ ಸಲ ಇಲ್ಲಿ ನಿಂತ್ರಿ. ನಾವು ದಿನಾ ಹಿಂಗ ನಿಂದರತೇವ್ರಿ."

ಇಷ್ಟೇ ಹೇಳಿದ್ದು. ಜ್ವರದಲ್ಲಿ ಏನಾದರೂ ಹೆಚ್ಚುಕಮ್ಮಿ ಮಾತಾಡಿದೆನೋ ಏನೋ, ಸರಿಯಾಗಿ ನೆನಪಿಲ್ಲ.

ಗರಗದ ಅಜ್ಜಿ ರೊಟ್ಟಿ ಅಗಿಯುತ್ತ, "ಖರೇ ಐತಿ ನೋಡಪಾ, ಅದನ್ನ ತಡಿಯಾಕ ಆಗತೈತೇನು?" ಎಂದಳು.

ಯಾಸ್ಮಿನ ಡಾಕ್ಟರಬಾಯಿ ಬಾಗಿಲು ತೆರೆದು ಹೊರಗೆ ಬಂದರು. ಪೇಶಂಟರು ಯಾರೂ ಬರಲಿಲ್ಲವಲ್ಲ ಅಂತ ಊಟದ ಡಬ್ಬಿ ಬಿಚ್ಚಿ ಉಂಡಿದ್ದರಂತೆ, ಬಿಸಿ ಇರುವಾಗ ಉಂಡು ಯಾವ ಕಾಲವಾಗಿತ್ತೋ ಅಂದರು. ಆಮೇಲೆ ಸಾಹೇಬರ ಕಡೆ ತಿರುಗಿ, "ಆಕಿ ಹೇಳಿದ್ದು ಖರೇ ಅದ ಸರ್. ಆಕೀಗೆ ಮೊದಲ ರಜಾ ಕೊಡ್ರಿ," ಎಂದರು.

ಸಾಹೇಬರು ನನ್ನನ್ನು ನೋಡಲಿಲ್ಲ. ಬಸ್ಯಾನನ್ನು ನೋಡಿದರು, ಬಹಳ ಹೊತ್ತು. "ಕೇದಾರ, ಕೆಳಗಿನ ಪಾಯಖಾನಿ ಕೀಲಿ ತಗಿ," ಎಂದರು.

ಏಪ್ರಿಲ್ 26, ಶನಿವಾರ

ರಜೆಯಲ್ಲಿದ್ದೇನೆ, ಗುಳಿಗೆ ನುಂಗುತ್ತಿದ್ದೇನೆ, ಜ್ವರ ಇಳಿದಿದೆ. ಮೈಮುನಾ ಬಂದು ಹೇಳಿದ ಸುದ್ದಿ ಇದು.

ಕೇದಾರನ ಗೊಂಚಲಿನ ಕೀಲಿಕೈ ಆ ಕೀಲಿಗೆ ಹತ್ತಲೇ ಇಲ್ಲ! ಒಂದೊಂದಾಗಿ ಎಲ್ಲ ಕೀಲಿಕೈಗಳನ್ನೂ ತಿರುವಿದನಂತೆ. ಅದರ ಕೀಲಿಕೈ ಯಾವತ್ತೋ ಕಳೆದುಹೋಗಿದೆ, ಯಾರೂ ಕೇಳದಿದ್ದುದರಿಂದ ಅವನಿಗೇ ಗೊತ್ತಿಲ್ಲ. ನಾವು ಮೂರು ವರ್ಷ ನಾಚಿಕೊಂಡದ್ದು ಇಲ್ಲದ ಕೀಲಿಕೈಗೆ. ಕಡೆಗೆ ಸುತ್ತಿಗೆಯಿಂದ ಒಡೆದರು. ಒಳಗೆ ಮುರುಕು ಗಾಲಿಕುರ್ಚಿಗಳು ಗೋಡೆ ಕಾಣದ ಹಾಗೆ ಒಂದರ ಮೇಲೊಂದು ಕೂತಿದ್ದವು. ನಮಗೆ ಇಲ್ಲದ ಜಾಗದಲ್ಲಿ ಅವು ಆರಾಮ ಇದ್ದವು. ಕೇದಾರ ಒಂದೊಂದನ್ನೇ ಹೊತ್ತು ಹೊರಗೆ ಹಾಕಿದನಂತೆ, ಸಾಹೇಬರು ಪಕ್ಕದಲ್ಲೇ ನಿಂತಿದ್ದರಂತೆ.

ನಾಲ್ಕು ಗ್ಲಾಸು ನೀರು ಕುಡಿದೆ.

ಮೇ 1, ಗುರುವಾರ

ಮತ್ತೆ ಕೆಲಸಕ್ಕೆ. ಡಾಕ್ಟರಬಾಯಿ ಮತ್ತೆ ಪರೀಕ್ಷೆ ಮಾಡಿಸಿದರು, ಕಿಡ್ನಿ ಉಳಿದಿವೆ. ವಿಮಾ ಕಾರ್ಡು ಇನ್ನೂ ಬರುತ್ತಲೇ ಇದೆ. ನಾಳೆ ಗುತ್ತಿಗೆದಾರ ಬರುತ್ತಾನೆ, ಅದು ಯಾವ ಊರಿನವರೆಗೆ ಬಂದಿದೆ ಅಂತ ಎಲ್ಲರ ಮುಂದೆ ಕೇಳುವವಳಿದ್ದೇನೆ.

ಈಗ ಪಂದ್ಯ ಉಲ್ಟಾ. ಯಾರು ಹೆಚ್ಚು ನೀರು ಕುಡಿಯುತ್ತಾರೋ ಅವರು ಗೆದ್ದ ಹಾಗೆ. ನಾನೂ ಮೈಮುನಾನೂ ತಂಬಿಗೆ ಎತ್ತಿ ಗಟಗಟ ಕುಡಿಯುತ್ತೇವೆ, ಉಚ್ಚೆ ಬಂದರೆ ಕೆಳಗೆ ಹೋಗಿ ಚಿಲಕ ಹಾಕಿಕೊಂಡು ಹೊಯ್ದು ಬರುತ್ತೇವೆ. ಇದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ರತ್ನವ್ವ ಮಾತ್ರ ಕುಡಿಯುವುದಿಲ್ಲ. "ನಮ್ಮ ವಯಸ್ಸಿಗೆ ಇದೆಲ್ಲಾ ಇದ್ದದ್ದ," ಅನ್ನುತ್ತಾಳೆ. ಏನು ಇದ್ದದ್ದು ಅಂತ ಕೇಳಿದರೆ ಒಲೆಯ ಕಡೆ ತಿರುಗುತ್ತಾಳೆ. ಸಂಜೆ ಹಿತ್ತಲಿಗೆ ಹೋದರೆ ಅದೇ ಅರಿವೆ ತುಂಡುಗಳನ್ನು ಒಗೆಯುತ್ತಿದ್ದಳು. ನನ್ನನ್ನು ಕಂಡು ಬಕೀಟಿನಲ್ಲಿ ಮುಚ್ಚಿಟ್ಟಳು. ನನಗೆ ಆಗ ಹೊಳೆಯಿತು. ಮಡಿಯೂ ಅಲ್ಲ, ಚಟವೂ ಅಲ್ಲ. ಇವಳಿಗೆ ಉಚ್ಚೆ ತಡೆಯುವುದಿಲ್ಲ. ಕೆಲಸಕ್ಕೆ ಬರುವಾಗ ಈ ಅರಿವೆ ಕಟ್ಟಿಕೊಂಡು ಬರುತ್ತಾಳೆ. ಅದಕ್ಕೇ ನೀರು ಕುಡಿಯುವುದಿಲ್ಲ. ಅವಳು ಯಾವತ್ತೂ ನಮ್ಮ ಜೊತೆ ಪಂದ್ಯ ಆಡುತ್ತಿರಲೇ ಇಲ್ಲ.

ಮೇ 6, ಮಂಗಳವಾರ

ಇವತ್ತು ರತ್ನವ್ವನ ವಾರದ ರಜೆ. ಪಾಳಿ ಅದಲುಬದಲು ಮಾಡಿಕೊಂಡು ನಾನೂ ಹೊರಟೆ. ರಟ್ಟೆ ಹಿಡಿದು ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಯಾಸ್ಮಿನ ಡಾಕ್ಟರಬಾಯಿಯ ಬಾಗಿಲ ಮುಂದಿನ ಕುರ್ಚಿಯಲ್ಲಿ ಕೂಡಿಸಿದೆ. ನಾನೂ ಕೂತೆ. ಕೇದಾರ ಬಂದ, ನೋಡಿದ, ಹೋದ. ಮೈಮುನಾ ನೆಲ ಒರೆಸುತ್ತ ಬಂದು ನಮ್ಮ ಮುಂದೆಯೇ ಬಸ್ಯಾನನ್ನು ನಿಲ್ಲಿಸಿ, "ದಾಟಬ್ಯಾಡ್ರಿ ಬಾಯಾರ, ಹಸಿ ಐತಿ," ಎಂದು ಹಲ್ಲು ಕಿರಿದಳು. ಈ ಸಲ ಖರೇ ಹಸಿ ಇತ್ತು. ಕಾದೆವು.

ಒಳಗೆ ಹೋದ ಮೇಲೆ ಡಾಕ್ಟರಬಾಯಿ, "ಏನಾಗೇದ್ರಿ ರತ್ನವ್ವಾರ?" ಎಂದರು.

ರತ್ನವ್ವ ಸೆರಗು ಎಳೆದುಕೊಂಡು, "ತಲಿ ನೋಸ್ತೈತ್ರಿ," ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ತಲಿ ಅಲ್ರಿ ಬಾಯಾರ, ಉಚ್ಚಿ! ಆಕೀಗೆ ಉಚ್ಚಿ ತಡಿಯಂಗಿಲ್ಲ! ಕೆಮ್ಮಿದ್ರ, ಬಕೀಟು ಎತ್ತಿದ್ರ ಹೋಗತೈತಿ, ಅರಿವಿ ಕಟ್ಕೊಂಡು ದುಡೀತಾಳ!"

ಬಾಗಿಲು ತೆರೆದೇ ಇತ್ತು. ಹೊರಗಿನ ಸಾಲಿಗೆಲ್ಲ ಕೇಳಿಸಿರಬೇಕು. ಯಾರೂ ಸಾಯಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ಮುರುಗೆಪ್ಪ ಸಾಹೇಬರು ಒಂದು ಕ್ಷಣ ನಿಂತು, ಮತ್ತೆ ಲಗುಬಗೆಯಿಂದ ತುದಿಯ ಕಡೆ ನಡೆದರು.

ಡಾಕ್ಟರಬಾಯಿ ಎದ್ದು ಬಾಗಿಲು ಹಾಕಿದರು. "ಎಷ್ಟ ದಿನಾ ಆತ್ರಿ?" ಎಂದು ಮೆಲ್ಲಗೆ ಕೇಳಿದರು.

ರತ್ನವ್ವ ನೆಲ ನೋಡುತ್ತಿದ್ದಳು. "ನನ್ನ ಸಣ್ಣ ಮಗಾ ಹುಟ್ಟಿದಾಗಿಂದ್ರಿ."

"ಆ ಮಗಗ ಈಗ ಎಷ್ಟ ವಯಸ್ಸು?"

"ಹ್ವಾದ ವರ್ಷ ಮದಿವಿ ಆತ್ರಿ."

"ಇಷ್ಟು ದಿನಾ ಯಾರಿಗೂ ಹೇಳಲೇ ಇಲ್ಲಾ?"

"ಯಾರೂ ಕೇಳಲಿಲ್ರಿ."

ನಾನು ಗೋಡೆಯ ಕಡೆ ತಿರುಗಿದೆ. ನನ್ನ ಪಕ್ಕದಲ್ಲೇ ಮಲಗುವ ಹೆಂಗಸು. ನಾನೂ ಕೇಳಿರಲಿಲ್ಲ.

ಇದಕ್ಕೂ ಔಷಧವಿದೆಯಂತೆ. ದಿನಾ ಮಾಡುವ ಒಂದು ವ್ಯಾಯಾಮ ಹೇಳಿಕೊಟ್ಟರು, ಅದರಿಂದ ಆಗದಿದ್ದರೆ ಸಣ್ಣ ಆಪರೇಶನ್ನು. ಭಾರ ಎತ್ತಬಾರದು ಅಂತ ಚೀಟಿ ಬರೆದರು. ನೀರು ಬಿಡಬಾರದು ಅಂದರು, ಬಿಟ್ಟರೆ ಇನ್ನೂ ಕೆಡುತ್ತದೆಯಂತೆ. ಚೀಟಿಯನ್ನು ನಾನೇ ಒಯ್ದು ಕೇದಾರನ ಕೈಗೆ ಕೊಟ್ಟು ಬಂದೆ.

ಚಿಗರಿ ಬಸ್ಸಿನಲ್ಲಿ ರತ್ನವ್ವ ನನ್ನ ಪಕ್ಕ ಕೂಡಲಿಲ್ಲ. ಮೂರು ಸೀಟು ಮುಂದೆ ಹೋಗಿ ಕೂತು, ಉಣಕಲ್ ಬರುವವರೆಗೂ ತಿರುಗಿ ನೋಡಲಿಲ್ಲ. ಊರ ಮುಂದೆ ನನ್ನ ಮಾನ ಕಳೆದಳು ಅಂತ ಮೈಮುನಾಳ ಹತ್ತಿರ ಫೋನಿನಲ್ಲಿ ಹೇಳಿದಳಂತೆ. ಮನೆಗೆ ಬಂದವಳೇ ದೊಡ್ಡ ತಂಬಿಗೆ ತುಂಬಿಸಿಕೊಂಡಳು, ನನ್ನನ್ನೇ ದುರುಗುಟ್ಟಿ ನೋಡುತ್ತ ಒಂದೇ ಉಸಿರಿಗೆ ಕುಡಿದಳು. ಮತ್ತೆ ತುಂಬಿಸಿಕೊಂಡು ಮತ್ತೆ ಕುಡಿದಳು. ಖಾಲಿ ತಂಬಿಗೆಯನ್ನು ನನ್ನ ಮುಂದೆ ಕುಕ್ಕಿದಳು. ಕಣ್ಣಲ್ಲೂ ನೀರಿತ್ತು.

"ಬರಿ, ನಿನ್ನ ಆ ಬುಕ್ಕಿನ್ಯಾಗ ಬರಿ," ಎಂದಳು.

ಇವತ್ತು ರತ್ನವ್ವ ಗೆದ್ದಳು.